ಲಾಂಡ್ರಿ ಚಿಕ್ಕಮ್ಮನ ಶಿಫಾರಸು

ಲಾಂಡ್ರಿ ಚಿಕ್ಕಮ್ಮ ಮನಸ್ಸಿಟ್ಟು ಹೊಗಳಿದ ಮೇಲೆ ಬಿಕರಿಯಾಗದೆ ಉಳಿದದ್ದು ಈ ಲೋಕದಲ್ಲಿ ಯಾವುದೂ ಇರಲಿಲ್ಲ. ಎದುರುಮನೆಯ ಸೋಮಾರಿಯನ್ನು "ಶಾಂತ ಸ್ವಭಾವದವನು" ಎಂದು ಹೊಗಳಿ ಬ್ಯಾಂಕಿನ ಕುರ್ಚಿಯಲ್ಲಿ ಕೂರಿಸಿದ್ದಳು. ಗಂಡನ ಹಳೆಯ ವ್ಯಾನನ್ನು "ವೇಗಕ್ಕೆ ಒಂದು ಸಲವೂ ದಂಡ ಕಟ್ಟದ ಗಾಡಿ" ಎಂದು ಮಾರಿದ್ದಳು. ಅದು ಓಡಿದರೆ ತಾನೇ ದಂಡ! ಹಾಗಾಗಿ ಅಕ್ಕನ ಮಗಳ ವೀಸಾ ವಿಚಾರಣೆಗೆ ವಲಸೆ ಇಲಾಖೆಯ ಅಧಿಕಾರಿ ಅಂಗಡಿಗೇ ಬರುತ್ತಾನೆ ಎಂದು ಗೊತ್ತಾದಾಗ ಅವಳಿಗೆ ಹೆದರಿಕೆಯ ಬದಲು ಹುರುಪು ಬಂತು.

ಹುಡುಗಿ ತನ್ನ ದೇಶ ಬಿಟ್ಟು ಬಂದು, ಚಿಕ್ಕಮ್ಮ ನೆಲೆಸಿದ್ದ ಊರಿನ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿದ್ದಳು. ಓದು ಮುಗಿದ ಪರದೇಶದ ವಿದ್ಯಾರ್ಥಿಗೆ ಸರ್ಕಾರ ಒಂದು ವರ್ಷ ಕೊಡುತ್ತಿತ್ತು: ಅಷ್ಟರಲ್ಲಿ ತಕ್ಕ ಕೆಲಸ ಹಿಡಿ, ಇಲ್ಲವೆ ಪೆಟ್ಟಿಗೆ ಕಟ್ಟು. ಆ ವರ್ಷ ತಳ ಕಂಡಿತ್ತು. ಊಟದ ಮೇಜಿನ ಮೇಲೆ ದಿನವೂ ಇದೇ ಮಾತು.

"ಇನ್ನೊಂದು ಡಿಗ್ರಿಗೆ ಸೇರ್ಕೊಂಡ್ರೆ ವಿದ್ಯಾರ್ಥಿ ವೀಸಾನೇ ಮುಂದುವರಿಯುತ್ತಂತೆ," ಅಂದ ಚಿಕ್ಕಪ್ಪ.

"ಓದಿ ಓದಿ ಮರುಳಾಗೋ ಯೋಗ ನಂಗೆ ಬೇಡ ಚಿಕ್ಕಪ್ಪ."

"ಸ್ವಂತ ಕಂಪನಿ ತೆಗೆದ್ರೆ ಅದಕ್ಕೂ ಒಂದು ವೀಸಾ ಇದೆ."

"ಬಂಡವಾಳ ನೀನು ಹಾಕ್ತೀಯಾ?" ಅಂದಳು ಹುಡುಗಿ.

ಚಿಕ್ಕಪ್ಪ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿಕೊಂಡ.

"ಇಲ್ಲೀ ಹುಡುಗನ್ನೇ ಮದುವೆ ಆಗ್ಬಿಟ್ರೆ?" ಎಂದು ಚಿಕ್ಕಮ್ಮ ಮೆಲ್ಲಗೆ ಕೇಳಿದಳು.

"ವೀಸಾಗಾದ್ರೆ ಮುಗಿಯೋ ತಾರೀಖು ಇರುತ್ತೆ ಚಿಕ್ಕಮ್ಮ, ಗಂಡನಿಗೆ ಇರಲ್ವಲ್ಲ."

"ನಿಜ," ಅಂದ ಚಿಕ್ಕಪ್ಪ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.

ಉಳಿದದ್ದು ಒಂದೇ ದಾರಿ. ಓದಿದ ವಿಷಯಕ್ಕೆ ಹೊಂದುವ ಕೆಲಸವನ್ನು ಯಾರಾದರೂ ಮಾಲೀಕರು ಕೊಟ್ಟು, ಅವಳ ಪರವಾಗಿ ನಿಲ್ಲಬೇಕು. ಬೇರೆಯವರ ಕಾಲು ಹಿಡಿಯುವುದೇಕೆ? ಚಿಕ್ಕಮ್ಮನ ಲಾಂಡ್ರಿಗೆ ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಗಳ ನಿಲುವಂಗಿ ಮೂಟೆಗಟ್ಟಲೆ ಬರುತ್ತಿತ್ತು. ಯಾವ ಕಲೆಗೆ ಯಾವ ದ್ರಾವಣ, ಎಷ್ಟು ಬಿಸಿ ಎಂದು ಆ ವರ್ಷವೆಲ್ಲ ನೋಡಿಕೊಂಡವಳು ಈ ಹುಡುಗಿಯೇ. ಅವಳಿಗೂ ಆ ಕೆಲಸವೇ ಬೇಕಿತ್ತು. ಅರ್ಜಿ ಹೋಯಿತು. ಕುಟುಂಬದವರೇ ಕೆಲಸ ಕೊಟ್ಟಿದ್ದಾರಲ್ಲ, ಕೆಲಸ ನಿಜವೋ ಬರೀ ಹೆಸರಿಗೋ ನೋಡಿ ಬರುತ್ತೇವೆ ಎಂದು ಇಲಾಖೆ ಹೇಳಿತು.

ಅಧಿಕಾರಿ ಬರುವ ದಿನ ಬೆಳಿಗ್ಗೆ ಹುಡುಗಿ ಕೈಮುಗಿದಳು. "ಚಿಕ್ಕಮ್ಮ, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿನ್ನ ದಮ್ಮಯ್ಯ."

"ನಾನೇನು ನಿನ್ನೆ ಹುಟ್ಟಿದವಳಾ? ನಿನ್ನ ಬಾಯಿ ನೀನು ನೋಡ್ಕೊ. ಅವನ ಮುಂದೆ ನನಗೆ ಎದುರು ಮಾತಾಡೀಯ, ಜೋಕೆ."

ಅಧಿಕಾರಿ ಒಣಕಲು ಮನುಷ್ಯ. ಅವನ ಅಂಗಿಯ ಕಾಲರಿನ ಮೇಲೆ ಶಾಯಿಯ ಕಲೆಯಿತ್ತು; ಹುಡುಗಿಯ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಒಗೆಯುವ ಯಂತ್ರಗಳ ಸಾಲು, ಹಬೆಯ ಕೊಳವೆಗಳು, ಚಾದರಗಳನ್ನು ನುಂಗಿ ಗರಿಗರಿಯಾಗಿ ಉಗುಳುವ ಉದ್ದನೆಯ ರೋಲರು, ಹಿಂದಿನ ಕೋಣೆಯಲ್ಲಿ ಹುಡುಗಿಯ ಗಾಜಿನ ಸೀಸೆಗಳು, ಎಲ್ಲವನ್ನೂ ನೋಡಿ ಅವನು ತೃಪ್ತಿಯಿಂದಲೇ ತಲೆಯಾಡಿಸಿದ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

"ಈ ಹುಡುಗಿಯ ಕೆಲಸದ ಬಗ್ಗೆ ಮಾಲೀಕರಾಗಿ ನೀವೇನು ಹೇಳ್ತೀರಿ?" ಎಂದು ಕೇಳಿದ.

ಚಿಕ್ಕಮ್ಮ ಉಸಿರು ಎಳೆದುಕೊಂಡಳು. "ಏನಂತ ಹೇಳಲಿ ಸ್ವಾಮಿ! ಇಂಥ ಹುಡುಗಿ ದೀಪ ಹಿಡಿದು ಹುಡುಕಿದ್ರೂ ಸಿಗಲ್ಲ. ಇವಳಿಗೆ ಭಾನುವಾರ ಯಾವುದು, ಸೋಮವಾರ ಯಾವುದು ಅಂತಾನೇ ಗೊತ್ತಿಲ್ಲ."

ಅಧಿಕಾರಿಯ ಪೆನ್ನು ನಿಂತಿತು. "ವಾರದ ರಜೆ?"

"ರಜೆನಾ? ಬಾಯಿ ಬಿಟ್ಟು ಕೇಳಿದವಳೇ ಅಲ್ಲ. ಜ್ವರದಲ್ಲೂ ರೋಲರಿನ ಮುಂದೆ ನಿಂತಿದ್ದಾಳೆ, ಚಿನ್ನ!"

"ಸಂಬಳ?"

"ಅದರ ಮಾತೇ ಎತ್ತಲ್ಲ."

ಹುಡುಗಿ ಹಿಂದಿನಿಂದ ಕಣ್ಸನ್ನೆ ಮಾಡಿದಳು. ಅಧಿಕಾರಿಯ ಮುಖ ಗಂಭೀರವಾಗುತ್ತಿರುವುದನ್ನು ಕಂಡು ಚಿಕ್ಕಮ್ಮನಿಗೆ ಮಾತು ನಾಟುತ್ತಿದೆ ಎನಿಸಿತು. ಕಬ್ಬಿಣ ಕಾದಿರುವಾಗಲೇ ಬಡಿಯಬೇಕು ಎಂದು ಇನ್ನೂ ಮುಂದೆ ಹೋದಳು.

"ಎಲ್ಲಿ ವಾಸ ಇದ್ದಾರೆ?"

"ಇಲ್ಲೇ ಮಹಡಿ ಮೇಲೆ. ಕೆಳಗೆ ಕೆಲಸ, ಮೇಲೆ ನಿದ್ದೆ. ಸ್ನೇಹಿತರು, ಸುತ್ತಾಟ ಒಂದೂ ಇಲ್ಲ. ಹೊಸ್ತಿಲು ದಾಟೋಳಲ್ಲ!"

"ಅವರ ಪಾಸ್‌ಪೋರ್ಟ್?"

"ನನ್ನ ಬೀರುವಿನಲ್ಲಿ ಭದ್ರವಾಗಿದೆ. ಬೀಗದ ಕೈ ನೋಡಿ, ಇಲ್ಲೇ ನನ್ನ ಹತ್ರ." ಚಿಕ್ಕಮ್ಮ ಕೀಲಿಗೊಂಚಲನ್ನು ಝಣಝಣ ಆಡಿಸಿ ತೋರಿಸಿದಳು.

ಅಧಿಕಾರಿ ಪುಸ್ತಕ ಮುಚ್ಚಿ ಚಿಕ್ಕಮ್ಮನನ್ನೂ ಅವಳ ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪನನ್ನೂ ನೋಡಿದ. "ನೀವಿಬ್ಬರೂ ಹೊರಗಿರಿ. ಈ ಹುಡುಗಿ ಹತ್ರ ನಾನು ಒಬ್ಬನೇ ಮಾತಾಡಬೇಕು."

"ನೋಡಿದ್ರಾ? ಮೆಚ್ಚಿಬಿಟ್ಟ!" ಎಂದು ಚಿಕ್ಕಮ್ಮ ಗಂಡನ ಪಕ್ಕೆಗೆ ತಿವಿದಳು. ಚಿಕ್ಕಪ್ಪನ ಮುಖ ಮಾತ್ರ ನೀಲಿ ಹೆಚ್ಚಾದ ಅಂಗಿಯಂತಿತ್ತು.

ಒಗೆಯುವ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಬಟ್ಟೆ ದಾಟಿಸುವ ಕಿಂಡಿಯೊಂದಿತ್ತು. ಚಿಕ್ಕಮ್ಮ ಅದರ ಪಕ್ಕದಲ್ಲಿ, ಬಟ್ಟೆ ಎಣಿಸುವವಳಂತೆ ಬಗ್ಗಿ ನಿಂತಳು.

"ಹೆದರಬೇಡಿ," ಎನ್ನುತ್ತಿದ್ದ ಅಧಿಕಾರಿ. "ನಿಮ್ಮನ್ನ ಇಲ್ಲಿ ಬಲವಂತವಾಗಿ ಇಟ್ಟುಕೊಂಡಿದ್ದಾರಾ?"

"ಅಯ್ಯೋ ಇಲ್ಲ ಸಾರ್! ಅವಳು ನನ್ನ ಚಿಕ್ಕಮ್ಮ. ತುಂಬಾ ಒಳ್ಳೆಯವಳು."

"ಎಲ್ಲರೂ ಹೀಗೇ ಹೇಳ್ತಾರೆ," ಅಂದ ಅವನು ಕನಿಕರದಿಂದ. "ಎಷ್ಟೋ ಸಲ ದುಡಿಸಿಕೊಳ್ಳೋರು ಸ್ವಂತ ಬಂಧುಗಳೇ ಆಗಿರ್ತಾರೆ. ಈ ಸ್ಥಿತೀಲಿ ಅರ್ಜಿಗೆ ಒಪ್ಪಿಗೆ ಕೊಡೋಕೆ ನನಗೆ ಆಗಲ್ಲ. ನಿಮ್ಮನ್ನ ಬಿಡಿಸೋಕೆ ದಾರಿಗಳಿವೆ."

ಚಿಕ್ಕಮ್ಮನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ತಡೆಯಲಾಗಲಿಲ್ಲ. ಕಿಂಡಿಯೊಳಗೆ ತಲೆ ತೂರಿತು. "ಯಾರಯ್ಯಾ ಅದು ದುಡಿಸಿಕೊಂಡೋರು? ಹೆತ್ತ ಮಗಳಿಗಿಂತ ಹೆಚ್ಚಾಗಿ ನೋಡ್ಕೊಂಡಿದ್ದೀನಿ!"

"ಚಿಕ್ಕಮ್ಮ, ಸಾಕು ಬಾಯಿ ಮುಚ್ಚು!" ಹುಡುಗಿಯ ದನಿ ಯಂತ್ರಗಳ ಸದ್ದನ್ನೂ ಮೀರಿತು.

"ಏನಂದೆ?"

"ಹೊಸ್ತಿಲು ದಾಟಲ್ಲ ಅಂದ್ಯಲ್ಲ, ದಿನಾ ಸಾಯಂಕಾಲ ಈಜೋಕೆ ಹೋಗೋಳು ಯಾರು, ನನ್ನ ದೆವ್ವಾನಾ? ಸಂಬಳ ತಿಂಗಳು ತಿಂಗಳು ಬ್ಯಾಂಕಿಗೆ ಬರ್ತಿಲ್ವಾ? ಯಾಕೆ ಸುಳ್ಳು ಹೇಳ್ದೆ?"

"ನಿನ್ನ ಹೊಗಳಿದೆ ಕಣೇ!"

"ನನ್ನನ್ನ ಎಲ್ಲಿ ಹೊಗಳ್ದೆ? ಎತ್ತಿನ ಸಂತೇಲಿ ಎತ್ತನ್ನ ಹೊಗಳೋ ಹಾಗೆ ಹೊಗಳ್ದೆ! ನಾನು ಅಳತೆ ಮಾಡಿಟ್ಟ ದ್ರಾವಣಕ್ಕೆ ಹಿಂದಿನಿಂದ ಬಂದು ನಿನ್ನ ಕೈಯಳತೇಲಿ ಇನ್ನಷ್ಟು ಸುರೀತೀಯ. ಭಾನುವಾರದ ವಿಷಯ ಮಾತ್ರ ನಿಜ. ವಾರದ ಮಧ್ಯೆ ಯಾವತ್ತೋ ಒಂದು ದಿನ ಬಿಡ್ತೀಯ, ಭಾನುವಾರ ಬಂದ್ರೆ 'ಪುಟ್ಟೀ, ಒಂದೇ ಒಂದು ಮೂಟೆ' ಅಂತೀಯ. ಆ ಒಂದು ಮೂಟೆ ಸಂಜೆ ತನಕ ಮುಗಿಯಲ್ಲ!"

"ಹೋಟೆಲಿನ ಚಾದರ ಅಷ್ಟನ್ನೂ ಗುಲಾಬಿ ಬಣ್ಣ ಮಾಡಿದ್ಯಲ್ಲ, ಆಗ ನಾನು ಒಂದು ಮಾತು ಅಂದ್ನಾ?"

"ಒಂದು ಮಾತಾ? ಊರಿಗೆ ಫೋನ್ ಮಾಡಿ ಅಮ್ಮನ ಕೈಲೂ ಬೈಸಿದೆ!"

ಅಧಿಕಾರಿ ಕಿಂಡಿಯಲ್ಲಿದ್ದ ತಲೆಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡುತ್ತಾ ಕುಳಿತ. ಬಾಗಿಲಲ್ಲಿ ಬಂದು ನಿಂತಿದ್ದ ಚಿಕ್ಕಪ್ಪ ಅವನ ಕಿವಿಯ ಹತ್ತಿರ ಬಗ್ಗಿದ. "ಇದು ದಿನಾ ಇರೋದೇ ಸಾರ್. ಇವತ್ತು ನೀವು ಬರ್ತೀರಿ ಅಂತ ಬೆಳಿಗ್ಗೆಯಿಂದ ಇಬ್ಬರೂ ಕಷ್ಟಪಟ್ಟು ತಡ್ಕೊಂಡಿದ್ರು."

ಅಧಿಕಾರಿ ಕೈಯೆತ್ತಿದ. ಜಗಳ ನಿಂತಿತು. ಹುಡುಗಿ ಫೋನಿನಲ್ಲಿ ಬ್ಯಾಂಕಿಗೆ ಬಂದ ಸಂಬಳ ತೋರಿಸಿದಳು. ಆಮೇಲೆ ಚಿಕ್ಕಮ್ಮನ ಕಡೆ ಅಂಗೈ ಚಾಚಿದಳು. ಚಿಕ್ಕಮ್ಮ ಮಹಡಿ ಹತ್ತಿ ಹೋಗಿ ಪಾಸ್‌ಪೋರ್ಟ್ ತಂದು ಆ ಅಂಗೈ ಮೇಲಿಟ್ಟಳು. "ಬಸ್ಸಲ್ಲಿ ಚೀಲ ಬಿಟ್ಟು ಬಂದೋಳು ಇವಳೇ. ಅದಕ್ಕೇ ನಾನು ಎತ್ತಿಟ್ಟಿದ್ದು," ಎಂದಳು, ಯಾರಿಗೆ ಎಂದಿಲ್ಲದೆ.

"ಒಂದೇ ಪ್ರಶ್ನೆ," ಅಂದ ಅಧಿಕಾರಿ ಚಿಕ್ಕಮ್ಮನ ಕಡೆ ತಿರುಗಿ. "ಇಷ್ಟೆಲ್ಲ ಕೇಳಿದ ಮೇಲೂ ಇವರು ನಿಮಗೆ ಬೇಕಾ? ಹೊಗಳಬೇಡಿ. ಇದ್ದದ್ದು ಹೇಳಿ."

ಚಿಕ್ಕಮ್ಮನಿಗೆ ಹೊಗಳದೆ ಮಾತಾಡುವುದೆಂದರೆ ಉಪ್ಪಿಲ್ಲದೆ ಅಡುಗೆ ಮಾಡಿದ ಹಾಗೆ. ಹುಡುಗಿ ಪಾಸ್‌ಪೋರ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಅಧಿಕಾರಿ ಅರ್ಜಿಗೆ ಒಪ್ಪಿಗೆ ಇಲ್ಲ ಎಂದು ಬರೆದರೆ ಮುಂದಿನ ತಿಂಗಳು ಆ ಹಿಂದಿನ ಕೋಣೆಯಲ್ಲಿ ಸೀಸೆಗಳಷ್ಟೇ ಇರುತ್ತವೆ.

"ಹಟಮಾರಿ," ಎಂದಳು ಕೊನೆಗೆ. ದನಿ ಸ್ವಲ್ಪ ಒರಟಾಗಿತ್ತು. "ನಾನು ಬಲಕ್ಕೆ ಅಂದ್ರೆ ಎಡಕ್ಕೆ ಹೋಗ್ತಾಳೆ. ಹೇಳಿದ್ದು ಕೇಳಲ್ಲ, ಯಾಕೆ ಅಂತ ಕೇಳ್ತಾಳೆ. ಇವಳು ಬಂದ ಮೇಲೆ ಆಸ್ಪತ್ರೆಯೋರು ಕಲೆ ಹೋಗಿಲ್ಲ ಅಂತ ಬಟ್ಟೆ ವಾಪಸ್ ಕಳಿಸೋದು ನಿಂತಿದೆ. ಅದು ನನ್ನ ಕೈಯಿಂದ ಆಗಿರಲಿಲ್ಲ. ಬೇಕು."

"ಭಾನುವಾರ?"

"ತಗೊಳ್ಳಲಿ." ಹಲ್ಲು ಕೀಳಿಸಿಕೊಂಡವಳಂತೆ ಹೇಳಿದಳು.

ಅಧಿಕಾರಿ ಬರೆದುಕೊಂಡು ಹೊರಟ. ಬಾಗಿಲವರೆಗೂ ಹೋದ ಹುಡುಗಿ ಅವನ ಕಾಲರಿನ ಕಲೆ ಹೇಗೆ ಹೋಗುತ್ತದೆಂದು ಹೇಳಿದಳು. ಇಲ್ಲೇ ತೆಗೆಸಿಕೊಂಡರೆ ಲಂಚ ಆಗುತ್ತೆ ಎಂದು ಅವನು ನಗದೆ ಹೇಳಿ ಮೆಟ್ಟಿಲಿಳಿದ.

ಆ ಸಂಜೆ ಚಿಕ್ಕಮ್ಮ ಊಟಕ್ಕೆ ಕುಳಿತಾಗ, "ಅವನ ಮುಂದೆ ನೀನು ಅಂದಿದ್ದೆಲ್ಲ ನಾಟಕ ತಾನೇ?" ಎಂದು ಕೇಳಿದಳು.

"ಅಲ್ಲ ಚಿಕ್ಕಮ್ಮ."

"ಎತ್ತು ಅಂದಿದ್ದೂ?"

"ಅದೂ ಅಲ್ಲ." ಹುಡುಗಿ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. "ಒಳ್ಳೆಯವಳು ಅಂದಿದ್ದೂ ನಾಟಕ ಅಲ್ಲ."

ವೀಸಾ ಬಂತು. ಅದರ ಹಿಂದೆಯೇ ಭಾನುವಾರವೂ ಬಂತು. ಹುಡುಗಿ ಟವೆಲು ಹೆಗಲಿಗೆ ಹಾಕಿಕೊಂಡು ಈಜುಕೊಳಕ್ಕೆ ಹೋದಳು. ಮೂಟೆಗಳು ಬಾಗಿಲಲ್ಲಿ ಬಿದ್ದಿದ್ದವು. ಚಿಕ್ಕಮ್ಮ ತೋಳು ಮೇಲೇರಿಸಿ ರೋಲರಿನ ಆಚೆ ತುದಿಗೆ ನಿಂತಳು. ಮೊದಲ ಚಾದರವೇ ಸೊಟ್ಟಗೆ ಬಂತು.

"ಹೊಸ ಕೆಲಸದವಳಿಗೆ ಇನ್ನೂ ಕೈ ಪಳಗಿಲ್ಲ," ಅಂದ ಚಿಕ್ಕಪ್ಪ.

"ಬಾಯಿ ಮುಚ್ಕೊಂಡು ಎಳೀರಿ. ಅಲ್ಲಾ, ನನ್ನ ರಜೆ ಯಾವತ್ತು?"

"ಅದನ್ನ ಅಧಿಕಾರಿನೇ ಕೇಳ್ಬೇಕು," ಅಂದ ಚಿಕ್ಕಪ್ಪ. "ಬೇಕಾದ್ರೆ ನಾನು ನಿನ್ನ ಬಗ್ಗೆ ಅವನ ಹತ್ರ ಸ್ವಲ್ಪ ಹೊಗಳ್ತೀನಿ."