ತೂಕಕ್ಕಿಂತ ಮೊದಲು ಇಳಿದದ್ದು

ತೆನಾಲಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದವರು ಭ್ರಮರಾಂಬತ್ತೆ. ನೆಂಟಸ್ತಿಕೆಯೇನಿಲ್ಲ, ಬೀದಿಗೆಲ್ಲ ಅವರು ಅತ್ತೆಯೇ. ನೂರ ಹತ್ತು ಕಿಲೋ ತೂಕ. ಹಳೆಯ ಸಕ್ಕರೆ ಕಾಯಿಲೆ. ಗಂಡ ವೀರರಾಘವಯ್ಯ ಕಡ್ಡಿಯಂಥ ಮನುಷ್ಯ. ದಿನಕ್ಕೆರಡು ಸಲ ಹೆಂಡತಿಗೆ ಇನ್ಸುಲಿನ್ ಚುಚ್ಚುತ್ತಿದ್ದವರು ಅವರೇ.

"ಬಾಯಿ ಕಟ್ಟಿದ್ರೆ ಇದೆಲ್ಲ ಬೇಕಿತ್ತಾ?" ಎನ್ನುತ್ತಿದ್ದರು.

ನಿಜ ಹೇಳಬೇಕೆಂದರೆ ಗೋಂಗೂರ ಪಚ್ಚಡಿಗೆ, ಅಂದರೆ ಪುಂಡಿಸೊಪ್ಪಿನ ಚಟ್ನಿಗೆ, ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದವರು ರಾಘವಯ್ಯನವರು. ಅವರ ಮೈಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ.

ಅತ್ತೆಯ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯಲಿಲ್ಲ. ಸಕ್ಕರೆ, ತೂಕ ಎರಡೂ ಇಳಿಯಲೆಂದು ಗುಂಟೂರಿನ ಡಾಕ್ಟರಮ್ಮ ಆಪರೇಷನ್ ಮಾಡೋಣವೆಂದರು. ಹೊಟ್ಟೆಯನ್ನು ಸಣ್ಣ ಚೀಲದಷ್ಟು ಮಾಡಿ, ಕರುಳನ್ನು ಸುತ್ತು ತಪ್ಪಿಸಿ ಅದಕ್ಕೆ ಜೋಡಿಸುವುದು.

"ಚೆನ್ನಾಗಿರೋ ಹೊಟ್ಟೆನ ಯಾರಾದ್ರೂ ಕೊಯ್ಸಿಕೊಳ್ತಾರಾ?" ಎಂದು ರಾಘವಯ್ಯ ಹಾರಾಡಿದರು.

"ಚುಚ್ಚಿಸಿಕೊಳ್ಳೋಳು ನಾನು. ಕೊಯ್ಸಿಕೊಳ್ಳೋದೂ ನನ್ನಿಷ್ಟ," ಎಂದರು ಅತ್ತೆ.

ಆಪರೇಷನ್ ಆಯಿತು. ಡಾಕ್ಟರಮ್ಮ ಇನ್ಸುಲಿನ್ ನಿಲ್ಲಿಸಿ ಮನೆಗೆ ಕಳಿಸಿದರು. ಮರುದಿನ ನಾನು ಗಂಜಿನೀರು ಒಯ್ದಾಗ ರಾಘವಯ್ಯ ಸೂಜಿ ಹಿಡಿದು ನಿಂತಿದ್ದರು. ಆಗ ತಾನೇ ಹೆಂಡತಿಯ ಬೆರಳಿನ ರಕ್ತ ಪರೀಕ್ಷೆ ಮಾಡಿದ್ದರು. ಸಕ್ಕರೆ ಬರೀ ನೂರ ಹದಿನೆಂಟು.

"ಮಿಷನ್ ಕೆಟ್ಟಿದೆ. ತೂಕ ಎರಡು ಕಿಲೋನೂ ಇಳಿದಿಲ್ಲ, ಸಕ್ಕರೆ ಹೇಗೆ ಇಳಿಯುತ್ತೆ? ಹೊಟ್ಟೆ ತೋರಿಸು."

ಅತ್ತೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. "ಚುಚ್ಚಿ ನೋಡಿ! ತಲೆ ತಿರುಗಿ ಬಿದ್ರೆ ನೀವೇ ಎತ್ತಬೇಕು. ಆಗುತ್ತಾ ನಿಮ್ಮ ಕೈಲಿ?"

ಮಿಷನ್ ಕೆಟ್ಟಿದೆಯೆಂದು ತೋರಿಸಲು ರಾಘವಯ್ಯ ತಮ್ಮ ಬೆರಳನ್ನೇ ಚುಚ್ಚಿಕೊಂಡರು. ಇನ್ನೂರ ಎಂಬತ್ತಾರು ಬಂತು.

"ನೋಡಿದ್ಯಾ? ಇನ್ನೂರ ಎಂಬತ್ತಾರಂತೆ! ನನಗೆ!" ಎಂದು ಗೆದ್ದವರಂತೆ ನಕ್ಕರು.

ನಾನು ಕೆಳಗಿಳಿದು ನಮ್ಮಪ್ಪನ ಮಿಷನ್ ತಂದೆ. ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ರಾಘವಯ್ಯ ಸೂಜಿಯನ್ನು ಕೆಳಗಿಟ್ಟು ಮಂಚದ ಅಂಚಿನಲ್ಲಿ ಕುಳಿತರು. ಅತ್ತೆಗೂ ನಗು ಬರಲಿಲ್ಲ. ಗಂಡನ ಕೈ ಒತ್ತಿ, "ಗಾಬರಿಯಾಗಬೇಡಿ, ಮಾತ್ರೆ ಇದೆ," ಎಂದರು.

ಆ ವಾರ ಇಬ್ಬರೂ ಗುಂಟೂರಿಗೆ ಹೋದರು. ನಾನೂ ಜೊತೆಗಿದ್ದೆ.

"ತೂಕ ಇಳಿಯೋಕೆ ತಿಂಗಳುಗಳು ಬೇಕು," ಎಂದರು ಡಾಕ್ಟರಮ್ಮ. "ಈಗ ಊಟ ಗುಟುಕಿನಷ್ಟು, ಅದೂ ಬೇಗ ಕೆಳಗಿನ ಕರುಳಿಗೆ ಹೋಗುತ್ತೆ. ಅಲ್ಲಿ ಹುಟ್ಟೋ ಹಾರ್ಮೋನು ದೇಹದ ಇನ್ಸುಲಿನ್ನನ್ನ ಎಬ್ಬಿಸುತ್ತೆ. ಅದಕ್ಕೇ ಸಕ್ಕರೆ ಮೊದಲು ಇಳಿಯೋದು. ಹಾಗಂತ ಕಾಯಿಲೆ ಹೋಯ್ತು ಅಂದ್ಕೋಬೇಡಿ. ತಿರುಗಿ ಬರಬಹುದು, ಪರೀಕ್ಷೆ ಬಿಡಬಾರದು."

"ನಾನು ಸಣ್ಣಗಿದೀನಲ್ಲಮ್ಮ?" ಎಂದರು ರಾಘವಯ್ಯ.

"ಸಣ್ಣಗಿರೋರಿಗೂ ಬರುತ್ತೆ ರೀ."

"ಹಾಗಾದ್ರೆ ನನಗೂ ಅದೇ ಆಪರೇಷನ್ನಾ?"

"ನಿಮ್ಮಲ್ಲಿ ಕೊಯ್ಯೋಕೆ ಏನಿದೆ!" ಎಂದರು ಅತ್ತೆ. ಡಾಕ್ಟರಮ್ಮ ನಗು ತಡೆದುಕೊಂಡು ಮಾತ್ರೆ ಬರೆದುಕೊಟ್ಟರು.

ವರ್ಷದೊಳಗೆ ಅತ್ತೆ ಮೂವತ್ತು ಕಿಲೋ ಇಳಿದರು. ಹುಣ್ಣು ಮಾಯಿತು. ಊಟ ಕಮ್ಮಿಯಾಗಿ ಕೂದಲು ಉದುರಿತು, ವಿಟಮಿನ್ ಮಾತ್ರೆ ಕಾಯಂ ಆಯಿತು. ತಂಗಿಯ ಮಗಳ ಮದುವೆಯಲ್ಲಿ ಆಸೆ ತಡೆಯದೆ ಹೋಳಿಗೆಯಂಥ ಒಂದು ಬೊಬ್ಬಟ್ಟು ತಿಂದು, ಬೆವತು, ಎದೆ ಡವಗುಟ್ಟಿ ಚಾಪೆ ಹಿಡಿದರು. ಆ ಆಪರೇಷನ್ ಆದ ಹೊಟ್ಟೆಗೆ ಸಿಹಿ ಒಗ್ಗದು. ಆಮೇಲೆ ಸಿಹಿ ಮುಟ್ಟಲಿಲ್ಲ.

ತಮ್ಮ ಕಾಯಿಲೆಯನ್ನು ಯಾರಿಗೂ ಹೇಳಬಾರದೆಂದು ರಾಘವಯ್ಯ ಕೇಳಿಕೊಂಡಿದ್ದರು. ಅತ್ತೆ ಬೀದಿಗೆಲ್ಲ ಹೇಳಿದರು. ಈಗ ಸಂಜೆ ಇಬ್ಬರೂ ಕಾಲುವೆ ದಂಡೆಯ ಮೇಲೆ ನಡೆಯುತ್ತಾರೆ. ಅತ್ತೆಯದೇ ಬಿರುಸು. ರಾಘವಯ್ಯ ಹಿಂದುಳಿದರೆ ಅತ್ತೆ ಸೇತುವೆ ಹತ್ತಿರ ನಿಂತು ಕಾಯುತ್ತಾರೆ.