ಒತ್ತಿನೆಣೆಯಲ್ಲಿ ತಿಂದ ಕೇಕು

ಬ್ರಹ್ಮಾವರದ ಬೇಕರಿಯಲ್ಲಿ ತುಂಗಾ ಕೈ ತೊಳೆದು ಬರುವಷ್ಟರಲ್ಲಿ ಅವಳ ಫೋನು ಗಂಡ ರಾಜೀವನ ಕಿಸೆ ಸೇರಿತ್ತು.

"ಅದ್ರಂಗೆ ಚಾರ್ಜ್ ಇಲ್ಲೆ, ಕಾರಂಗೆ ಹಾಕ್ತೆ. ನೀನ್ ಪಪ್ಸ್ ತಿನ್, ಬಿಸಿ ಇತ್ತ್," ಎಂದ.

ಹೆಂಡತಿಗೆ ತಿನ್ನು ಎಂದು ಒತ್ತಾಯ ಮಾಡಿದ ಗಂಡಸೇ ಅಲ್ಲ ಅವನು. ಮುಂಬೈಯಿಂದ ಬಂದ ಅವನ ತಂಗಿ ಶರ್ಮಿಳಾ ಎದುರಿಗಿದ್ದಾಳೆ, ಅದಕ್ಕೇ ಈ ಮರ್ಯಾದೆ ಅಂದುಕೊಂಡಳು ತುಂಗಾ. ಶರ್ಮಿಳಾಗೆ ಊರಿನಲ್ಲಿ ಉಳಿದದ್ದು ಇದೊಂದೇ ದಿನ. ಹೊಸ ಕಾರು, ದಾರಿಯುದ್ದಕ್ಕೂ ಬೇಕರಿ, ಮರವಂತೆಯ ಕಡಲು, ಸಂಜೆಗೆ ಬೈಂದೂರಿನ ಒತ್ತಿನೆಣೆ ಗುಡ್ಡ, ಎಲ್ಲ ಅವಳಿಗಾಗಿ. ತುಂಗಾ ಹಿಂದಿನ ಸೀಟು ಹತ್ತಿದ್ದು ಬೇರೆ ಆಸೆಗೆ. ಬೈಂದೂರಿನ ತವರಿನಲ್ಲಿ ಅವಳ ಅಬ್ಬಿ, ಹೆತ್ತ ತಾಯಿ, ಹಾಸಿಗೆ ಹಿಡಿದಿದ್ದಳು. ನಿನ್ನೆ ಫೋನಿನಲ್ಲಿ, "ಹೆಣ್ಣೆ, ಒಂದ್ಸಲ ಮುಖ ತೋರ್ಸಿ ಹೋಗ್" ಅಂದಿದ್ದಳು.

"ಹ್ವಾಯ್, ಮೊದ್ಲ್ ಅಬ್ಬೀನ ಕಂಡ್ಕಂಡ್ ಬಪ್ಪ. ಕಡೆಗೆ ಎಲ್ಲಿ ಬೇಕಾರೂ ತಿರ್ಗುವ," ಎಂದಳು.

"ನಿನ್ನಬ್ಬಿ ಎಲ್ಲಿಗ್ ಓಡಿ ಹೋತ್ರ್ ಮಾರಾಯ್ತಿ? ಮಂಚದ್ ಮೇಲೇ ಇತ್ರಲೆ!"

ಶರ್ಮಿಳಾ ಕಿಸಕ್ಕನೆ ನಕ್ಕಳು.

ತೆಕ್ಕಟ್ಟೆಯಲ್ಲಿ ಖಾರ ಬಿಸ್ಕತ್ತು ಆಯಿತು. ಕುಂದಾಪುರದಲ್ಲಿ ಶರ್ಮಿಳಾ ಹನಿ ಕೇಕು ಕಟ್ಟಿಸಿಕೊಂಡಳು. ತುಂಗಾ ಆಗಷ್ಟೇ ಇಳಿಸಿದ ಹಾಲು ಬ್ರೆಡ್ಡು ತೆಗೆದುಕೊಂಡಳು. ಸೀಕಿನವರನ್ನು ನೋಡಲು ಬರಿಗೈಯಲ್ಲಿ ಹೋಗುವುದು ಹೇಗೆ? ತಾಯಿಗೆ ಗಂಟಲಲ್ಲಿ ಇಳಿಯುತ್ತಿದ್ದದ್ದೂ ಚಹಾದಲ್ಲಿ ಅದ್ದಿದ ಬ್ರೆಡ್ಡು ಮಾತ್ರ. ಆ ಬಿಸಿ ಪೊಟ್ಟಣವನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಮರವಂತೆಯಲ್ಲಿ ಶರ್ಮಿಳಾ ಕಡಲಿಗೊಂದು, ಹೊಳೆಗೊಂದು ಮುಖ ಮಾಡಿ ಫೋಟೋ ತೆಗೆಸಿಕೊಂಡಳು. ರಾಜೀವ ದೂರ ಹೋಗಿ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡಿ ಬಂದ.

"ಯಾರ್?"

"ಗ್ಯಾರೇಜಿನವ."

ಬೈಂದೂರಿನಲ್ಲಿ ತವರಿನ ಓಣಿ ಬಂತು. ಕಾರು ನಿಧಾನ ಕೂಡ ಆಗಲಿಲ್ಲ. ತುಂಗಾ ಬಾಗಿಲ ಹಿಡಿ ಹಿಡಿದುಕೊಂಡೇ, "ಹ್ವಾಯ್, ಮನಿ!" ಎಂದು ಕೂಗಿದಳು.

"ಸೂರ್ಯ ನಿಂಗಾಯಿ ಕಾಯ್ತ್ನಾ? ತಿರ್ಗಿ ಬಪ್ಪತಿಗೆ ಹೋಪ."

ಒತ್ತಿನೆಣೆಯ ಮೇಲೆ ರಾಜೀವ ತಾನೇ ಕೇಕು ಕತ್ತರಿಸಿ ಹೆಂಡತಿಯ ಕೈಗೆ ಇಟ್ಟ. "ತಿನ್, ಈಗ್ಲೇ ತಿನ್. ಕಡೆಗೆ ಸಿಕ್ಕುದಿಲ್ಲೆ."

ಅವಳು ತಿಂದಳು. ರುಚಿಯಾಗಿಯೇ ಇತ್ತು. ಕೆಳಗೆ ತೆಂಗಿನ ತಲೆಗಳ ನಡುವೆ ಹೊಗೆ ಏಳುತ್ತಿತ್ತು.

"ಅದ್ ನಮ್ಮನಿ ಬದಿ ಅಲ್ದಾ?"

"ಸುಡುಮಣ್ ಮಾಡ್ತಿಪ್ರ್, ಗೊಬ್ರಕ್ಕೆ," ಎಂದ ರಾಜೀವ ಬೆರಳು ನೆಕ್ಕುತ್ತಾ.

"ಹೊಗೆ ಚಂದ ಕಾಣ್ತ್ ಅಣ್ಣ," ಎಂದು ಶರ್ಮಿಳಾ ಅದನ್ನೂ ಫೋಟೋ ಹೊಡೆದಳು.

ಗುಡ್ಡ ಇಳಿದು ಬಂದಾಗ ತವರಿನ ಅಂಗಳಕ್ಕೆ ನೀರು ಹೊಯ್ದಿತ್ತು. ತಮ್ಮ ಚರಣ್ ಒದ್ದೆ ಪಂಚೆಯಲ್ಲಿ ಜಗಲಿಯ ಮೇಲೆ ಕೂತಿದ್ದ. ಒಳಗೆ ತಾಯಿಯ ಮಂಚ ಖಾಲಿ.

"ಜ್ವರ ಬಿಡ್ತಾ ಅಕ್ಕ?" ಎಂದ ಚರಣ್. "ಬೆಳಿಗ್ಗೆ ನಿನ್ ಫೋನಿಗೆ ಮಾಡ್ದೆ, ಭಾವ ಎತ್ರ್. ಮಧ್ಯಾಹ್ನ ಅವ್ರೇ ಮತ್ತ್ ಮಾಡ್ರ್, ತುಂಗಂಗೆ ಜ್ವರ, ಏಳುಕಾತ್ತಿಲ್ಲೆ, ಕಾಯ್ಬೇಡಿ ಅಂದ್ರ್. ಆದ್ರೂ ಸುಮಾರ್ ಹೊತ್ತ್ ಕಾದ್ವ್."

ತುಂಗಾ ಬ್ರೆಡ್ಡನ್ನು ಜಗಲಿಯ ಮೇಲಿಟ್ಟು ಗಂಡನ ಕಡೆ ತಿರುಗಿದಳು.

"ಹೇಳಿರೆ ಸೂತಕ ಅಲ್ದಾ?" ಎಂದ ಅವನು. "ತಿಂಬುಕಿಲ್ಲೆ, ತಿರ್ಗುಕಿಲ್ಲೆ. ಶರ್ಮಿಳಂಗೆ ಇಪ್ಪುದೇ ಇವತ್ತೊಂದಿನ. ನಿನ್ನಬ್ಬಿ ಹೋಯಾಯ್ತ್, ನೀನ್ ಬಂದ್ರೆ ಏಳ್ತಿದ್ರಾ?"

ತುಂಗಾ ಮನೆಯ ಹಿಂದೆ ತೆಂಗಿನ ಬುಡಕ್ಕೆ ಹೋಗಿ ಗಂಟಲಿಗೆ ಬೆರಳು ಹಾಕಿದಳು. ಕೇಕು ಬಂತು, ಬಿಸ್ಕತ್ತು ಬಂತು, ಕೊನೆಗೆ ಬರೀ ಹಳದಿ ನೀರು. ಬೆರಳು ತೆಗೆಯಲಿಲ್ಲ. ಹಿಂದೆ ಹೆಜ್ಜೆ ಕೇಳಿಸಿತು. ನೀರು ತಂದನೇನೋ ಅಂದುಕೊಂಡಳು.

"ಒಳ್ಳೆ ಕೇಕ್ ಹಾಳ್ ಮಾಡ್ದೆ," ಎಂದು ರಾಜೀವ ತಿರುಗಿ ಹೋದ. ಜಗಲಿಯ ಮೇಲಿದ್ದ ಬ್ರೆಡ್ಡು ಎತ್ತಿಕೊಂಡ. "ಇಲ್ಲ್ ಹ್ಯಾಂಗೂ ಯಾರೂ ತಿಂಬುದಿಲ್ಲೆ."

ತುಂಗಾಳನ್ನು ಬಿಟ್ಟು ಹೊರಟ ಕಾರು ಓಣಿಯಲ್ಲಿ ತಿರುಗುವಾಗ ಅದರೊಳಗೆ ದೀಪ ಹತ್ತಿತು. ಶರ್ಮಿಳಾ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತಿದ್ದಳು.