ಬೆಳ್ಳಮ್ಮನ ಬಲಗೈ

"ಆ ಕೈ ಏನೇನು ಕೆಲಸ ಮಾಡ್ತಿತ್ತು? ಒಂದೊಂದಾಗಿ ಹೇಳು, ಬರ್ಕೊಳ್ತೀನಿ," ಎಂದು ವಕೀಲ ನಾರಾಯಣಮೂರ್ತಿಗಳು ಪೆನ್ನಿನ ಮುಚ್ಚಳ ತೆಗೆದರು.

ಹುಲಿಯಪ್ಪ ಹೆಂಡತಿಯ ಕಡೆ ನೋಡಿದ. ಸಾಗರದ ಆ ಕಚೇರಿಯ ಬಾಗಿಲ ಬಳಿ ಬೆಳ್ಳಮ್ಮ ನೆಲದ ಮೇಲೆ ಕೂತಿದ್ದಳು, ಬಲಗೈ ಸೆರಗಿನೊಳಗಿತ್ತು. ಎದುರು ಬೆಂಚಿನ ಮೇಲೆ ನಾಟಾ ವ್ಯಾಪಾರಿ ಮಂಜುನಾಥಪ್ಪನವರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ್ದರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ. ಅಲ್ಲಿಗೆ ಹೊರಟಿದ್ದ ಅವರ ಕಾರು ಎರಡು ತಿಂಗಳ ಹಿಂದೆ ತಿರುವಿನಲ್ಲಿ ಬೆಳ್ಳಮ್ಮನನ್ನು ಕೆಡವಿ, ಕೈಮೇಲೆ ಹಾದುಹೋಗಿತ್ತು. ಮಗಳು ಗುತ್ಯಮ್ಮನ ಮದುವೆಗೆ ಜಗುಲಿ ಸಾರಿಸಲು ಅವಳು ಕೆಮ್ಮಣ್ಣು ಹೊತ್ತು ತರುತ್ತಿದ್ದಳು. ಆಸ್ಪತ್ರೆಯವರು ನಾಲ್ಕು ಬೆರಳು ತೆಗೆದು ಹೆಬ್ಬೆರಳೊಂದನ್ನು ಉಳಿಸಿಕೊಟ್ಟರು.

"ಕೋರ್ಟಿಗೆ ಹೋದ್ರೆ ಶಿವಮೊಗ್ಗಕ್ಕೆ ವರ್ಷಗಟ್ಟಲೆ ಅಲೀಬೇಕು ಹುಲಿಯಪ್ಪ. ರಾಜಿಯಾದ್ರೆ ಇವತ್ತೇ ಮುಗೀತು. ಇವರೂ ಕೊಡಲ್ಲ ಅಂತಿಲ್ಲ," ಎಂದರು ವಕೀಲರು. ಎರಡೂ ಕಡೆಗೆ ಬೇಕಾದವರು ಅವರು.

"ನಟ್ಟಿ ಮಾಡ್ತಿತ್ತು ಒಡೆಯಾ," ಎಂದ ಹುಲಿಯಪ್ಪ. "ಕಳೆ ಕೀಳ್ತಿತ್ತು. ಭತ್ತ ಕುಟ್ತಿತ್ತು. ಹುಲ್ಲು ಕೊಯ್ತಿತ್ತು, ಸೌದೆ ತರ್ತಿತ್ತು..." ಹೇಳುತ್ತ ಹೋದಂತೆ ಅವನಿಗೇ ಬೆರಗಾಯಿತು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದವನು ಆ ಕೈಯ ಕೆಲಸವನ್ನು ಒಮ್ಮೆಯೂ ಎಣಿಸಿರಲಿಲ್ಲ.

"ಮತ್ತೆ?"

ಬೆಳ್ಳಮ್ಮ ತಲೆ ಎತ್ತಿದಳು.

ಮಾತು ಹುಲಿಯಪ್ಪನ ಬಾಯಿಗೆ ಬಂದಿತ್ತು. ಸುತ್ತಲ ಹತ್ತೂರಿನ ದೀವರ ಮನೆಗಳಲ್ಲಿ ಮದುವೆಯೆಂದರೆ, ಮದುಮಕ್ಕಳು ಕೂರುವ ಹಸೆಗೋಡೆಯ ಚಿತ್ತಾರಕ್ಕೆ ಬೆಳ್ಳಮ್ಮನೇ ಆಗಬೇಕು. ಕೆಂಪು ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಅವಳೆಳೆದ ಗೆರೆ ನೂಲು ಹಿಡಿದಷ್ಟು ನೇರ. ಆದರೆ ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಇವಳು ಕೇಳುವುದೂ ಇಲ್ಲ. ವೀಳ್ಯ, ಒಂದು ತೆಂಗಿನಕಾಯಿ, ಅಷ್ಟೇ. ಅದನ್ನೂ ಇಲ್ಲಿ ಹೇಳಿದರೆ, ಹುಲಿಯಪ್ಪ ದುಡ್ಡಿನಾಸೆಗೆ ಹಸೆಯನ್ನೇ ಮಾರಿದ ಎಂದು ಊರವರು ಆಡಿಕೊಳ್ಳರೇ? ಮರ್ಯಾದಸ್ಥ, ನಮ್ಮ ಹುಲಿಯಪ್ಪ!

"ಅಷ್ಟೇ ಒಡೆಯಾ," ಎಂದ.

ಎಂಟುನೂರು ರೂಪಾಯಿಗೆ ರಾಜಿಯಾಯಿತು. "ಹೆಬ್ಬೆಟ್ಟು ಉಳಿದಿದ್ದು ಒಳ್ಳೇದಾಯ್ತು," ಎಂದ ಗುಮಾಸ್ತ, ಮಸಿಯ ಡಬ್ಬಿ ಮುಂದಿಡುತ್ತ. ತಮಾಷೆಗಲ್ಲ, ನಿಜಕ್ಕೂ ಹಾಗನ್ನಿಸಿಯೇ ಅಂದ. ಹೊರಡುವಾಗ ಮಂಜುನಾಥಪ್ಪನವರು, "ತಪ್ಪಾಯ್ತಮ್ಮಾ," ಎಂದು ಕೈಮುಗಿದರು. ಬೆಳ್ಳಮ್ಮನ ಎಡಗೈ ಅರ್ಧಕ್ಕೆ ಎದ್ದು, ಜೊತೆ ಸಿಗದೆ ಕೆಳಗಿಳಿಯಿತು.



ಮರುದಿನ ಬೆಳಿಗ್ಗೆ ಹುಲಿಯಪ್ಪ ಗದ್ದೆಯಿಂದ ಬಂದಾಗ ಬೆಳ್ಳಮ್ಮ ನಡುಮನೆಯ ಗೋಡೆಯ ಮುಂದೆ ನಿಂತಿದ್ದಳು. ಮಗಳ ಮದುವೆಗೆಂದು ಕಾರು ಬಡಿಯುವ ಹಿಂದಿನ ದಿನದವರೆಗೂ ಬರೆದ ಚಿತ್ತಾರ. ಕೈ ಹೋದ ಮೇಲೆ ಮದುವೆ ಮುಂದಕ್ಕೆ ಹೋಗಿತ್ತು. ಸುತ್ತಿನ ಅಂಚು ಮುಗಿದಿತ್ತು, ನಡುವೆ ಮದುಮಕ್ಕಳನ್ನು ಬರೆಯುವ ಜಾಗ ಖಾಲಿಯಿತ್ತು. ಅವಳು ಎಡಗೈಯ ಬಟ್ಟೆಯನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಆ ಅಂಚಿನ ಮೇಲೆ ಎಳೆಯುತ್ತಿದ್ದಳು.

"ಎಂತ ಮಾಡ್ತಿದ್ದೀಯೇ? ಗುತ್ಯಮ್ಮ ಮುಗಿಸ್ತಿದ್ಲಲ್ಲ!"

"ಅವಳ ಕೈಗೆ ಇನ್ನೂ ಗೆರೆ ನಿಲ್ಲಲ್ಲ. ಅರ್ಧ ಹಸೆ ಮುಂದೆ ಮದುಮಕ್ಕಳನ್ನ ಕೂರ್ಸೋದಾ?"

ಹುಲಿಯಪ್ಪ ಹೆಗಲ ಮೇಲಿನ ಗುದ್ದಲಿಯನ್ನು ಕೆಳಗಿಟ್ಟ. "ನಿನ್ನೆ ಇದನ್ನ ಹೇಳ್ಬೇಕಿತ್ತು ನಾನು. ಇನ್ನೂ ಒಂದಿಷ್ಟು ಕೊಡ್ತಿದ್ರೇನೋ."

"ದುಡ್ಡು ಯಾರಿಗೆ ಬೇಕಿತ್ತು?" ಬೆಳ್ಳಮ್ಮ ತಿರುಗಲಿಲ್ಲ. "ಸೌದೆ ತರ್ತಿತ್ತು ಅಂತ ಬರ್ಕೊಂಡ್ರಲ್ಲ. ಅದರ ಕೆಳಗೆ ಇದನ್ನೂ ಬರ್ಕೊಳ್ಲಿ ಅಂತ ಕಾಯ್ತಾ ಇದ್ದೆ."

ಹುಲಿಯಪ್ಪ ಮುಂದೆ ಬಂದ. ಕೆಮ್ಮಣ್ಣಿನ ತಪ್ಪಲೆಯನ್ನು ಎತ್ತಿ, ಅವಳ ಕೈಗೆ ಎಟುಕುವಂತೆ ಹಿಡಿದು ನಿಂತ. ಗೋಡೆ ಪೂರ್ತಿ ಕೆಂಪಾಗುವವರೆಗೆ ಅವಳು ಬಳಿದಳು.

ಮಧ್ಯಾಹ್ನದ ಹೊತ್ತಿಗೆ ಗೋಡೆ ಒಣಗತೊಡಗಿತು. ಒಣಗಿದಲ್ಲೆಲ್ಲ ಕೆಂಪಿನಡಿಯಿಂದ ಬಿಳಿ ಗೆರೆಗಳು ಮಸುಕಾಗಿ ಮತ್ತೆ ಮೇಲೆ ಬಂದವು, ಒಂದೂ ಸೊಟ್ಟಗಿರಲಿಲ್ಲ.

"ಇನ್ನೊಂದ್ ಸಲ ಬಳೀಬೇಕು, ತಪ್ಲೆ ಹಿಡೀರಿ," ಎಂದಳು ಬೆಳ್ಳಮ್ಮ.

ಹುಲಿಯಪ್ಪ ಗೋಡೆ ನೋಡುತ್ತ ಕೂತೇ ಇದ್ದ.